ಎಂಟು ಕುರ್ಚಿ, ಒಂದು ಸ್ಟೀಲ್ ಡಬ್ಬಿ: ರಾಜಕೀಯದ ತಲೆಬಿಸಿಗೆ ಕೂಟ ಕಟ್ಟುವ ಬಗೆ

2023ರ ಕೃಷ್ಣಾಷ್ಟಮಿಯ ಮರುದಿನ ನನ್ನ ತಮ್ಮ ಮಂಗಳೂರಿನಿಂದ ಉಡುಪಿಗೆ ವಿಟ್ಲಪಿಂಡಿ, ಅಂದರೆ ಮೊಸರುಕುಡಿಕೆಯ ಉತ್ಸವ, ನೋಡಲು ಬಂದ. ಪ್ರತಿ ವರ್ಷ ಬರುತ್ತಾನೆ. ರಥಬೀದಿಗೆ ಹೋಗಿ ಬಂದ, ನಮ್ಮಲ್ಲೇ ಊಟ ಮಾಡಿದ, ಭಾವನ ಹತ್ತಿರ ನಾಲ್ಕು ಮಾತಾಡಿದ, ಹೊರಟ. ಅವನ ಮನೆಗೆಂದು ಕಟ್ಟಿಟ್ಟ ಉಂಡೆ-ಚಕ್ಕುಲಿಯ ಡಬ್ಬಿ ಜಗಲಿಯ ದಂಡೆಯ ಮೇಲೆಯೇ ಉಳಿಯಿತು. ಮರೆತದ್ದಲ್ಲ. ಮೇ ತಿಂಗಳ ವಿಧಾನಸಭಾ ಚುನಾವಣೆಯ ಗಲಾಟೆಯಲ್ಲಿ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಅವನು ಹಾಕಿದ ಒಂದು ವಿಡಿಯೋದ ಕೆಳಗೆ ನಾನು ‘ಐವತ್ತೈದು ವರ್ಷ ಆದರೂ ಬುದ್ಧಿ ಬರಲಿಲ್ಲವಾ’ ಎಂದು ಬರೆದಿದ್ದೆ. ಆ ಗುಂಪಿನಲ್ಲಿ ಅವನ ಸೊಸೆಯೂ ಇದ್ದಳು.

ನಾನು ಉಡುಪಿಯವಳು, ಬ್ಯಾಂಕಿನಲ್ಲಿ ಹೆಡ್ ಕ್ಯಾಶಿಯರ್ ಆಗಿ ನಿವೃತ್ತಳಾದವಳು. ನಾನು ಸೇರಿದ ಬ್ಯಾಂಕೇ ಈಗ ಇಲ್ಲ, 2020ರ ಏಪ್ರಿಲ್ 1ರಂದು ಇನ್ನೊಂದರಲ್ಲಿ ವಿಲೀನವಾಯಿತು. ಚುನಾವಣೆ ನನಗೆ ಹೊಸತೇನಲ್ಲ. ಮೈಕ್ರೋ ಅಬ್ಸರ್ವರ್ ಡ್ಯೂಟಿಗೆ ಹಾಕಿದಾಗ ಮತಗಟ್ಟೆಯ ಬೆಂಚಿನಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಕೂತಿದ್ದೇನೆ, ಒಂದು ದಿನವೂ ತಲೆನೋವು ಬಂದದ್ದಿಲ್ಲ. ತಲೆನೋವು ಶುರುವಾದದ್ದು ಕೈಯಲ್ಲಿ ಕೆಲಸ ಇಲ್ಲದೆ ಮೊಬೈಲ್ ಬಂದ ಮೇಲೆ. ಮೇ 13, ಮತ ಎಣಿಕೆಯ ದಿನ, ಕುಕ್ಕರಿನಲ್ಲಿಟ್ಟ ಕುಚ್ಚಲಕ್ಕಿ ತಳ ಹಿಡಿದು ಸುಟ್ಟ ವಾಸನೆ ಬೀದಿಗೆ ಹೋದರೂ ನನಗೆ ಗೊತ್ತಾಗಲಿಲ್ಲ. ಮರುವಾರ ಬಿ.ಪಿ. ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಉಪ್ಪಿನದ್ದಲ್ಲ: ‘ರಾತ್ರಿ ಮಲಗಿ ಎಂತ ನೋಡ್ತೀರಿ?’

ಅಮೆರಿಕದಲ್ಲಿರುವ ಮಗಳಿಗೆ ಇದನ್ನು ಹೇಳಿದರೆ, ‘ಅಮ್ಮಾ, ಇಲ್ಲಿ ಇದರ ಲೆಕ್ಕವೇ ಇಟ್ಟಿದ್ದಾರೆ’ ಎಂದಳು. ಅಲ್ಲಿಯ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2016ರಲ್ಲಿ ಕೇಳಿದಾಗ ವಯಸ್ಕರಲ್ಲಿ ನೂರಕ್ಕೆ 52 ಮಂದಿ ಅಧ್ಯಕ್ಷರ ಚುನಾವಣೆಯೇ ತಮಗೊಂದು ದೊಡ್ಡ ಒತ್ತಡ ಎಂದಿದ್ದರಂತೆ; 2020ರಲ್ಲಿ ಅದು 68ಕ್ಕೆ ಏರಿತು. ಅದೆಲ್ಲ ಡಾಲರಿನವರ ಕಾಯಿಲೆ ಎಂದು ನಾನು ನಕ್ಕೆ. ನಗುವಾಗ ಬಲಗೈಯಲ್ಲಿ ಬಿ.ಪಿ. ಮಾತ್ರೆ ಇತ್ತು.

ಹಾಗೆ ಶುರುವಾದ ಕೂಟ ಇದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಡೆಸಿ, ಮೊದಲ ಸಲ ಪೂರ್ತಿ ಕೆಡಿಸಿ, ಕಲಿತದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಊರಲ್ಲಿ ಮಾಡುವುದಾದರೆ ನಾನು ತಿಂದ ಪೆಟ್ಟು ನೀವು ತಿನ್ನುವುದು ಬೇಡ.

ಮೊದಲ ಸಲ ಕೆಟ್ಟದ್ದು ಹೇಗೆ

‘ಎಲ್ಲ ಪಕ್ಷದವರೂ ಕೂತು ಸೌಹಾರ್ದವಾಗಿ ಮಾತಾಡುವ’ ಎಂದು ಏಳು ಜನರನ್ನು ನಮ್ಮ ಮನೆಗೇ ಕರೆದೆ. ಗೋಳಿಬಜೆ ಕರಿದೆ. ಮೊದಲ ವಾರ ಎಲ್ಲರೂ ಗೋಳಿಬಜೆಯನ್ನು ಹೊಗಳಿದರು. ಎರಡನೇ ವಾರ ಅದು ರಾತ್ರಿ ಒಂಬತ್ತು ಗಂಟೆಯ ಟಿ.ವಿ. ಚರ್ಚೆಯೇ ಆಯಿತು. ಬೊಬ್ಬೆ ಕೇಳಿ ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು ನಿಂತರು. ಒಬ್ಬರು ಎದ್ದು, ಸುರಿಯುವ ಮಳೆಯಲ್ಲಿ, ಸಿಟ್ಟಿನಲ್ಲಿ ತಮ್ಮ ಕೊಡೆ ಬಿಟ್ಟು ನನ್ನ ಕೊಡೆ ಹಿಡಿದುಕೊಂಡು ಹೋದರು. ಅವರು ಮತ್ತೆ ಬರಲೇ ಇಲ್ಲ. ಅವರ ಕೊಡೆ, ಒಂದು ಕಡ್ಡಿ ಬಗ್ಗಿದ್ದು, ಈಗಲೂ ನನ್ನಲ್ಲಿ ಉಂಟು.

ತಪ್ಪು ಎಲ್ಲಿ ಎಂದು ತಿಳಿಸಿಕೊಟ್ಟದ್ದು ನನ್ನ ಯಜಮಾನರು. ಅವರು ತಾಳಮದ್ದಳೆಯ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಹುಚ್ಚಿನವರು. ಆಟಿ ತಿಂಗಳಲ್ಲಿ ಮನೆಯಲ್ಲಿ ಸಿಕ್ಕಿದರೆ ಪುಣ್ಯ. ‘ನೀನು ಕೃಷ್ಣನನ್ನೂ ಕೌರವನನ್ನೂ ಎದುರುಬದುರು ಕೂರಿಸಿದ್ದೀ, ಭಾಗವತರೇ ಇಲ್ಲ’ ಎಂದರು. ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ಎಷ್ಟೇ ದೊಡ್ಡವನಿರಲಿ, ಮಾತು ಎಳೆದರೆ ಹಾಡುವ ಭಾಗವತರು ಜಾಗಟೆ ಎತ್ತಿ ಮುಂದಿನ ಪದ ಶುರುಮಾಡುತ್ತಾರೆ. ಅಲ್ಲಿಗೆ ಅವನ ಅರ್ಥ ಮುಗಿಯಿತು. ಅದು ಅರ್ಧ ಪಾಠ. ಇನ್ನರ್ಧ ನನಗೆ ತಡವಾಗಿ ಹೊಳೆಯಿತು: ನಮ್ಮ ಕೂಟಕ್ಕೆ ಅರ್ಥಗಾರಿಕೆಯೇ ಬೇಡ. ವಾದ ಗೆಲ್ಲಲು ಬೇರೆ ನೂರು ಜಾಗ ಉಂಟು.

ಹಾಗಾಗಿ ನಮ್ಮ ಒಂದೇ ಕಾನೂನು: ಸುದ್ದಿ ಬೇಡ, ಅವಸ್ಥೆ ಹೇಳಿ.

‘ಆ ಮಂತ್ರಿ ಹೀಗೆ ಹೇಳಿದ’ ಎನ್ನುವುದು ಸುದ್ದಿ. ‘ಅದನ್ನು ಕೇಳಿದ ಮೇಲೆ ಮಗನ ಮೇಲೆ ಕೈ ಎತ್ತಿದೆ’ ಎನ್ನುವುದು ಅವಸ್ಥೆ. ಪಕ್ಷದ ಹೆಸರು, ನಾಯಕರ ಹೆಸರು ಮೊದಲ ಸುತ್ತಿನಲ್ಲಿ ಬರುವ ಹಾಗಿಲ್ಲ. ಈ ಕಾನೂನು ಹಾಕಿದ ಮೊದಲ ದಿನ ಒಬ್ಬರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದು, ‘ಹಾಗಾದರೆ ನಾನು ಎಂತ ಹೇಳುವುದು ಮಾರಾಯ್ರೆ, ನನ್ನದು ಎಂತ ಉಂಟು?’ ಎಂದರು. ಆಮೇಲೆ ಎರಡು ನಿಮಿಷ ಸುಮ್ಮನಿದ್ದು, ಆರು ತಿಂಗಳಿನಿಂದ ಹೆಂಡತಿಯ ಹತ್ತಿರ ಅಡುಗೆಯ ರುಚಿಯ ಬಗ್ಗೆ ಕೂಡ ಮಾತಾಡಿಲ್ಲ ಎಂದರು.

ಇದು ನಾನು ಕಂಡುಹಿಡಿದದ್ದಲ್ಲ. ನನ್ನ ಚಿಕ್ಕಪ್ಪ ಕುಡಿತ ಬಿಟ್ಟದ್ದು ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗಿ. 1935ರಲ್ಲಿ ಅಮೆರಿಕದ ಓಹಾಯೋದ ಆಕ್ರನ್ ಎಂಬ ಊರಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಡಾಕ್ಟರೂ, ಇಬ್ಬರೂ ಕುಡುಕರೇ, ಸೇರಿ ಶುರುಮಾಡಿದ್ದು. ಅಲ್ಲಿ ಪ್ರತಿಯೊಬ್ಬರೂ ತನ್ನ ಕಥೆ ಮಾತ್ರ ಹೇಳುತ್ತಾರೆ. ಸಾರಾಯಿ ನಿಷೇಧ ಸರಿಯೋ ತಪ್ಪೋ ಎಂಬಂಥ ಹೊರಗಿನ ವಿಷಯಗಳಲ್ಲಿ ಆ ಸಂಘಕ್ಕೆ ಅಭಿಪ್ರಾಯವೇ ಇಲ್ಲ. ಹಾಗೆಂದು ಬರೆದೇ ಇಟ್ಟಿದ್ದಾರೆ. ನಾನು ಅದನ್ನೇ ಎತ್ತಿಕೊಂಡೆ. ನಮ್ಮ ಕೂಟಕ್ಕೆ ಅಭಿಪ್ರಾಯ ಇಲ್ಲ. ನನಗೆ ಉಂಟು, ಗಟ್ಟಿಯಾಗಿಯೇ ಉಂಟು, ಅದನ್ನು ಚಪ್ಪಲಿಯ ಹತ್ತಿರ ಬಿಟ್ಟು ಒಳಗೆ ಬರುತ್ತೇನೆ.

ಯಾರನ್ನು, ಎಲ್ಲಿ, ಯಾವಾಗ

ಆರರಿಂದ ಎಂಟು ಜನ. ಹೆಚ್ಚು ಬೇಡ. ಎಂಟು ಜನಕ್ಕೆ ತಲಾ ಐದು ನಿಮಿಷ ಎಂದರೂ ನಲವತ್ತು ನಿಮಿಷ ಆಯಿತು, ಚಾಕ್ಕೆ ಕಾಲು ಗಂಟೆ, ಎರಡನೇ ಸುತ್ತಿಗೆ ಅರ್ಧ ಗಂಟೆ. ಒಂದೂವರೆ ಗಂಟೆಯ ಮೇಲೆ ಕೂತರೆ ಯಾರದಾದರೂ ನಾಲಿಗೆ ಜಾರುತ್ತದೆ.

ಗಂಡ-ಹೆಂಡತಿಯನ್ನು ಒಂದೇ ಕೂಟಕ್ಕೆ ಕರೆಯಬೇಡಿ. ಯಾವುದೇ ಪಕ್ಷದ ಪದಾಧಿಕಾರಿಯೂ ಬೇಡ, ಪಂಚಾಯತ್‌ಗೆ ನಿಲ್ಲುವ ಅಂದಾಜಿನಲ್ಲಿ ಇರುವವರೂ ಬೇಡ. ಅವರು ಎಲ್ಲಿ ಕೂತರೂ ಪ್ರಚಾರಕ್ಕೇ ಕೂತ ಹಾಗೆ. ನಾನು ಹುಡುಕುವುದು ಮದುವೆ ಮನೆಯಲ್ಲಿ ರಾಜಕೀಯ ಶುರುವಾದ ಕೂಡಲೇ ಐಸ್‌ಕ್ರೀಮಿನ ಕಡೆ ನಡೆಯುವವರನ್ನು. ಒಳಗೆ ಬೇಯುತ್ತಿರುವವರು ಅವರೇ. ‘ಬೆಂಬಲ ಗುಂಪು’ ಅಂತ ಹೇಳಿ ಕರೆದರೆ ಒಬ್ಬರೂ ಬರುವುದಿಲ್ಲ, ತಲೆ ಸರಿ ಇಲ್ಲದವರ ಕೂಟ ಎಂದುಕೊಳ್ಳುತ್ತಾರೆ. ನಾನು ‘ಶನಿವಾರ ಚಾಕ್ಕೆ ಬನ್ನಿ’ ಎನ್ನುತ್ತೇನೆ, ಕಾನೂನು ಫೋನಿನಲ್ಲೇ ಹೇಳಿಬಿಡುತ್ತೇನೆ.

ಜಾಗ ಯಾರ ಮನೆಯೂ ಆಗಬಾರದು, ದೇವಸ್ಥಾನದ ಸಭಾಭವನ, ಚರ್ಚಿನ ಹಾಲ್, ಮಸೀದಿಯ ಪಕ್ಕದ ಕಟ್ಟಡ ಯಾವುದೂ ಆಗಬಾರದು. ಒಬ್ಬರಿಗೆ ಸಲೀಸಾದ ಬಾಗಿಲು ಇನ್ನೊಬ್ಬರಿಗೆ ಕಾಲು ಎಳೆಯುತ್ತದೆ. ನಮಗೆ ಸಿಕ್ಕಿದ್ದು ಕುಂಜಿಬೆಟ್ಟಿನಲ್ಲಿ ಒಂದು ಟ್ಯೂಷನ್ ಕ್ಲಾಸಿನ ಕೋಣೆ, ಬೋರ್ಡಿನ ಮೇಲೆ ತ್ರಿಕೋನಮಿತಿ ಅಳಿಸದೆ ಬಿಟ್ಟಿರುತ್ತಾರೆ. ಎಂಟು ಪ್ಲಾಸ್ಟಿಕ್ ಕುರ್ಚಿ, ವೃತ್ತವಾಗಿ. ಮಧ್ಯ ಮೇಜು ಬೇಡ. ಮೇಜು ಇದ್ದರೆ ಗುದ್ದಬೇಕು ಅನಿಸುತ್ತದೆ.

ದಿನ: ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ, ಸಂಜೆ ನಾಲ್ಕೂವರೆ. ಬ್ಯಾಂಕಿನವಳಿಗೆ ಆ ಎರಡು ಶನಿವಾರ ರಜೆ ಎಂದು ಮೈಯಲ್ಲೇ ಕೂತಿದೆ. ಶುಕ್ರವಾರದ ನಮಾಜು, ಭಾನುವಾರದ ಪೂಜೆ ಎರಡೂ ತಪ್ಪುತ್ತದೆ. ರಂಜಾನ್ ತಿಂಗಳಲ್ಲಿ ಚಾ ಬಿಟ್ಟು ಬರೀ ಕೂರುತ್ತೇವೆ, ಎಲ್ಲರೂ. ಕೋಲ, ಮದುವೆ, ಯಕ್ಷಗಾನ ಆಟದ ಸೀಸನ್‌ನಲ್ಲಿ ನಾಲ್ಕೇ ಜನ ಬಂದದ್ದೂ ಉಂಟು. ನಾಲ್ಕು ಜನಕ್ಕೂ ನಡೆಸಿ, ಮುಂದೂಡಬೇಡಿ. ಒಮ್ಮೆ ಮುಂದೂಡಿದ ಕೂಟ ಎದ್ದು ನಿಲ್ಲುವುದು ಕಷ್ಟ.

ಕೂತಾಗ ಏನಾಗುತ್ತದೆ

ಬಾಗಿಲಲ್ಲೇ ಒಂದು ಸ್ಟೀಲ್ ಡಬ್ಬಿ, ಹಿಂದೆ ಹಲಸಿನ ಹಪ್ಪಳ ತುಂಬಿಸುತ್ತಿದ್ದದ್ದು. ಫೋನುಗಳು ಅದರೊಳಗೆ, ಮುಚ್ಚಳ ಹಾಕಿ. ಮನೆಯಲ್ಲಿ ಹುಷಾರಿಲ್ಲದವರು ಇದ್ದರೆ ಮಾತ್ರ ಕೈಯಲ್ಲಿ. ಭಾಗವತಿಕೆ ಸರದಿಯಲ್ಲಿ ಒಬ್ಬೊಬ್ಬರಿಗೆ: ಅವರ ಕೈಯಲ್ಲಿ ಸ್ಟೀಲ್ ಲೋಟ, ಒಂದು ಚಮಚ. ಐದು ನಿಮಿಷಕ್ಕೆ ಒಂದು ಪೆಟ್ಟು. ‘ಸುದ್ದಿ’ ಶುರುವಾದರೆ ಎರಡು ಪೆಟ್ಟು. ಮಾತಾಡುವವರಿಗೆ ಯಾರೂ ಉತ್ತರ ಕೊಡುವ ಹಾಗಿಲ್ಲ, ಸಲಹೆಯೂ ಇಲ್ಲ, ‘ಹೌದು ಹೌದು’ ಎಂದು ತಲೆ ಆಡಿಸುವುದೂ ಬೇಡ; ಅದರಲ್ಲೇ ಪಕ್ಷ ಗೊತ್ತಾಗಿಬಿಡುತ್ತದೆ. ಏನೂ ಹೇಳಲು ಇಲ್ಲದವರು ‘ಪಾಸ್’ ಎನ್ನಬಹುದು.

ಒಂದು ಸಂಜೆಯನ್ನು ಹೇಳುತ್ತೇನೆ. ಇಬ್ಬರನ್ನೂ ಕೇಳಿದ್ದೇನೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಸಿಗದೆ ಹೋದದ್ದು ನಿಮಗೆಲ್ಲ ನೆನಪಿರಬಹುದು. ನಮ್ಮ ಕೂಟದ ಒಬ್ಬರು ಟೀಚರಮ್ಮ, ಮದುವೆಯಾದ ವರ್ಷದಿಂದ ಪ್ರತಿ ಜಾತ್ರೆಯಲ್ಲಿ ಒಬ್ಬರೇ ಸಾಹೇಬರ ಅಂಗಡಿಯಿಂದ ಬಳೆ ಹಾಕಿಸಿಕೊಂಡವರು. ಕೈ ಅಳತೆ ಆ ಸಾಹೇಬರಿಗೆ ಬಾಯಿಪಾಠ. ಆ ವರ್ಷ ಅಂಗಡಿ ಇರಲಿಲ್ಲ. ಇವರು ಬಳೆ ಇಲ್ಲದೆ ಮನೆಗೆ ಬಂದರು, ಯಾರಿಗೂ ಏನೂ ಹೇಳಲಿಲ್ಲ. ‘ಈಗ ಯಾವ ಜಾತ್ರೆಯ ಬ್ಯಾನರ್ ಕಂಡರೂ ಹೊಟ್ಟೆ ತೊಳಸುತ್ತದೆ. ದೇವರಿಗೆ ಕೈ ಮುಗಿಯುವಾಗ ಬರೀ ಕೈ ಕಾಣುತ್ತದೆ. ನಾನು ಅವತ್ತು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ’ ಎಂದರು.

ಅವರ ಎದುರು ಕುರ್ಚಿಯಲ್ಲಿ ಇದ್ದವರು ಆ ನಿರ್ಧಾರ ಸರಿ ಎಂದವರು. ನಮಗೆ ಗೊತ್ತಿತ್ತು. ಕುರ್ಚಿಯ ಕೈಯನ್ನು ಅವರು ಹಿಡಿದ ರೀತಿ ನೋಡಿ ಲೋಟ ಹಿಡಿದಿದ್ದ ನನಗೆ ಬೆವರಿತು. ಅವರ ಸರದಿ ಬಂತು. ಗಂಟಲು ಸರಿಮಾಡಿಕೊಂಡು ಅಕ್ಕನ ಮಗನ ವಿಷಯ ಹೇಳಿದರು. ಹುಡುಗ ಒಂದು ಗಲಾಟೆಯಲ್ಲಿ ಹೋಗಿ ಕೇಸು ಹಾಕಿಸಿಕೊಂಡಿದ್ದಾನೆ. ಅವನನ್ನು ಕಳಿಸಿದವರು ಈಗ ಫೋನ್ ಎತ್ತುವುದಿಲ್ಲ. ರಾತ್ರಿ ಗೇಟಿನ ಮುಂದೆ ಬೈಕ್ ನಿಧಾನವಾದರೆ ಅಕ್ಕ ಮನೆಯ ಲೈಟ್ ಎಲ್ಲ ಆರಿಸಿ ಕತ್ತಲಲ್ಲಿ ಕೂರುತ್ತಾಳೆ. ವಾಯಿದೆಯ ದಿನ ಕೋರ್ಟಿಗೆ ಇವರೇ ಕರೆದುಕೊಂಡು ಹೋಗುವುದು, ಅದಕ್ಕೆ ಅಂಗಡಿಗೆ ರಜೆ. ‘ನನಗೆ ಅವನ ಮೇಲೆ ಸಿಟ್ಟು ಉಂಟಾ, ಅವನನ್ನು ಹಿಡಿದವರ ಮೇಲೆ ಉಂಟಾ, ಅದೇ ಗೊತ್ತಾಗುವುದಿಲ್ಲ’ ಎಂದರು.

ಚಾ ಕುಡಿಯುವಾಗ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ನಿಂತಿದ್ದರು. ಈಗಲೂ ಅವರೇನು ಸ್ನೇಹಿತರಲ್ಲ. ಮುಂದಿನ ಶನಿವಾರ ಇಬ್ಬರೂ ಬಂದರು, ನನಗೆ ಅಷ್ಟು ಸಾಕಿತ್ತು. ಇಬ್ಬರ ನೋವೂ ಒಂದೇ ತೂಕದ್ದು ಎಂದು ನಾನು ಹೇಳುತ್ತಿಲ್ಲ. ಬಳೆಯ ಸಾಹೇಬರು ನಮ್ಮ ಕುರ್ಚಿಯಲ್ಲಿ ಕೂತೇ ಇಲ್ಲ, ಅವರ ಹೊಟ್ಟೆಗೆ ಬಿದ್ದ ಪೆಟ್ಟು ನಮ್ಮ ಹೊಟ್ಟೆ ತೊಳಸುವುದಕ್ಕಿಂತ ದೊಡ್ಡದು. ಇದನ್ನು ಮರೆತರೆ ಕೂಟ ಎಂಬುದು ಸುಖವಾಗಿದ್ದವರು ಒಬ್ಬರನ್ನೊಬ್ಬರು ಸವರಿಕೊಳ್ಳುವ ಜಾಗವಾಗುತ್ತದೆ.

ಆದ್ದರಿಂದಲೇ ಒಂದು ಎಚ್ಚರ. ನೇರವಾಗಿ ಪೆಟ್ಟು ತಿಂದವರನ್ನು, ಬೆದರಿಕೆ ಬಂದವರನ್ನು, ಮನೆಯವರನ್ನು ಕಳೆದುಕೊಂಡವರನ್ನು ಇಂಥ ಮಿಶ್ರ ಕೂಟಕ್ಕೆ ಕರೆಯಬೇಡಿ. ಅವರಿಗೆ ಮೊದಲು ತಮ್ಮವರೇ ಇರುವ ಕೂಟ ಬೇಕು, ಪ್ರತಿ ಮಾತನ್ನೂ ಅಳೆದು ಆಡಬೇಕಾಗಿಲ್ಲದ ಜಾಗ ಬೇಕು. ಜತೆಗೆ ವಕೀಲರು ಬೇಕು, ತುರ್ತಾದರೆ 112 ಬೇಕು. ಚಾ ಸಾಲುವುದಿಲ್ಲ.

ಎರಡು ಕಾಲಂ

ಚಾ ಮುಗಿದ ಮೇಲೆ ಎರಡನೇ ಸುತ್ತು. ಇದು ಕ್ಯಾಶಿಯರ್ ಬುದ್ಧಿ: ಒಂದು ನೋಟ್‌ಬುಕ್ಕಿನ ಪುಟದ ಮಧ್ಯ ಗೆರೆ ಎಳೆದು, ಎಡಗಡೆ ‘ನನ್ನ ಕೈಯಲ್ಲಿ ಉಂಟು’, ಬಲಗಡೆ ‘ಇಲ್ಲ’. ಮೊದಲು ಬಲಗಡೆ ತುಂಬುತ್ತದೆ. ದಿಲ್ಲಿ, ಬೆಂಗಳೂರು, ಟಿ.ವಿ., ಯುದ್ಧ, ಯಾರದೋ ಭಾಷಣ. ಎಡಗಡೆ ಬರೆಯುವುದು ಸಣ್ಣದು, ಆದರೆ ಎರಡು ವಾರದಲ್ಲಿ ಮಾಡಿ ಮುಗಿಸಬೇಕಾದದ್ದು. ಮತದಾರರ ಪಟ್ಟಿಯಲ್ಲಿ ಅಮ್ಮನ ಹೆಸರು ಉಂಟಾ ನೋಡುವುದು. ವಿವರದಲ್ಲಿ ತಪ್ಪು ಇದ್ದರೆ ತಿದ್ದಲು ಫಾರ್ಮ್ 8 ಕೊಡುವುದು. ಗ್ರಾಮಸಭೆಗೆ ಹೋಗಿ ಬೀದಿದೀಪದ ವಿಷಯ ಎತ್ತುವುದು. ಒಬ್ಬರು ‘ಬಳೆ ಸಾಹೇಬರ ಮನೆ ಹುಡುಕುವುದು’ ಎಂದು ಬರೆದರು. ಯಾರು ಎಂದು ಹೇಳಬೇಕಾಗಿಲ್ಲ.

ಫೋನಿನ ಬಗ್ಗೆ ನಮ್ಮ ಅನುಭವ: ಕುಟುಂಬದ ಗುಂಪಿನಿಂದ ಹೊರಬೀಳಬೇಡಿ, ಅದೇ ಇನ್ನೊಂದು ಜಗಳವಾಗುತ್ತದೆ. ಮ್ಯೂಟ್ ಮಾಡಿ. ವಾಟ್ಸ್ಯಾಪ್‌ನಲ್ಲಿ ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂದು ಮೂರು ಬಗೆ ಉಂಟು. ನಾನು ಮೂರನೆಯದನ್ನು ಒತ್ತಿ, ದಿನಕ್ಕೊಮ್ಮೆ ಸಂಜೆ ದೀಪ ಹಚ್ಚುವ ಮೊದಲು ತೆರೆದು ನೋಡುತ್ತೇನೆ. ಜೋಡಿ ಬಾಣದ ಗುರುತು ಇರುವ ಮೆಸೇಜ್ ಎಂದರೆ ತುಂಬ ಕೈ ದಾಟಿ ಬಂದದ್ದು. 2020ರ ಏಪ್ರಿಲ್‌ನಿಂದ ಅಂಥದನ್ನು ಒಮ್ಮೆಗೆ ಒಬ್ಬರಿಗೆ ಮಾತ್ರ ಕಳಿಸಲು ಬಿಡುತ್ತಾರೆ. ಆ ಒಬ್ಬರಿಗೂ ಕಳಿಸದಿದ್ದರೆ ಆಯಿತು. ಪೇಪರ್ ಓದುವುದನ್ನು ಬಿಡಬೇಕಾಗಿಲ್ಲ. ಪೇಪರಿಗೆ ಕೊನೆಯ ಪುಟ ಎಂಬುದು ಉಂಟು, ಮೊಬೈಲಿಗೆ ಇಲ್ಲ.

ಮತ ಎಣಿಕೆಯ ದಿನಕ್ಕೆ ಪ್ರತ್ಯೇಕ ಏರ್ಪಾಡು

2024ರ ಏಪ್ರಿಲ್ 26ರಂದು ನಮ್ಮಲ್ಲಿ ಲೋಕಸಭೆಗೆ ಮತದಾನ. ಮರುದಿನವೇ ನಾಲ್ಕನೇ ಶನಿವಾರ, ಕೂಟ ಎಂದಿನಂತೆ ನಡೆಯಿತು. ಕಷ್ಟದ್ದು ಜೂನ್ 4, ಮಂಗಳವಾರ, ಎಣಿಕೆ. ಬೆಳಗ್ಗೆ ಎಂಟರಿಂದ ಎಲ್ಲರ ಜೀವ ಟಿ.ವಿ.ಯ ಕೆಳಗಿನ ಪಟ್ಟಿಯಲ್ಲಿ. ನಾವು ಅವತ್ತು ಒಬ್ಬರ ಮನೆಯ ಹಿಂದಿನ ಜಗಲಿಯಲ್ಲಿ ಸೇರಿ, ಮೂರು ಹಲಸಿನ ಹಣ್ಣು ಕಡಿದೆವು. ತೊಳೆ ಬಿಡಿಸಿ, ಬೀಜ ತೆಗೆದು, ಅಕ್ಕಿ ಬೆಲ್ಲದ ಜತೆ ರುಬ್ಬಿ ಸಾಗುವಾನಿ ಎಲೆಯಲ್ಲಿ ಗಟ್ಟಿ ಎಂಬ ಕಡುಬು ಬೇಯಿಸುವುದು. ಇದರಲ್ಲಿ ದೊಡ್ಡ ಉಪಾಯ ಉಂಟು: ಕೈಗೆ ತೆಂಗಿನೆಣ್ಣೆ ಎಷ್ಟು ಹಚ್ಚಿದರೂ ಹಲಸಿನ ಮೇಣ ಅಂಟಿಯೇ ಅಂಟುತ್ತದೆ. ಮೇಣದ ಕೈಯಲ್ಲಿ ಯಾರೂ ಫೋನ್ ಮುಟ್ಟುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕೈ ತೊಳೆದು ನೋಡಿದಾಗ ಸಂತೋಷಪಡುವವರು ಪಟ್ಟರು, ಇಲ್ಲದವರು ಇನ್ನೊಂದು ಗಟ್ಟಿ ತಿಂದರು. ಬೆಳಗ್ಗಿನಿಂದ ಪ್ರತಿ ಸುತ್ತಿಗೂ ಎದೆ ಹಾರುವುದು ಐದು ಗಂಟೆ ತಪ್ಪಿತು. ನನ್ನ ಬಿ.ಪಿ. ಅವತ್ತು ಸಂಜೆ 132ಕ್ಕೆ 84, ಬರೆದಿಟ್ಟಿದ್ದೇನೆ. ಹಲಸು ಇಲ್ಲದ ತಿಂಗಳಲ್ಲಿ ಚುನಾವಣೆ ಬಂದರೆ ಹೂ ಕಟ್ಟಿಸಿ, ಸಿಗಡಿ ಸುಲಿಸಿ, ಎಂತಾದರೂ ಎರಡೂ ಕೈಗೆ ಕೆಲಸ ಕೊಡಿ.

ಕೂಟದ ಕೈ ಮೀರಿದ್ದು

ಎರಡು ವಾರ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಕುಡಿತ ಹೆಚ್ಚಾಗಿದೆ, ಮನೆಯವರ ಮೇಲೆ ಕೈ ಹೋಗುತ್ತಿದೆ, ಬದುಕುವುದೇ ಬೇಡ ಎಂಬ ಮಾತು ಬಂದಿದೆ ಎಂದಾದರೆ ಅದು ನಮ್ಮ ಲೋಟ-ಚಮಚದ ಕೆಲಸವಲ್ಲ. ಟೆಲಿ ಮಾನಸ್‌ಗೆ ಫೋನ್ ಮಾಡಿಸಿ: 14416. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಶುರುಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ನಮ್ಮಲ್ಲಿ ಒಬ್ಬರಿಗೆ ನಂಬರ್ ಚೀಟಿ ಕೊಟ್ಟರೆ ಜೇಬಲ್ಲೇ ಇರುತ್ತದೆಂದು ಗೊತ್ತಿತ್ತು, ಕೂಟ ಮುಗಿದ ಮೇಲೆ ನಾನೇ ಒತ್ತಿ ಅವರ ಕಿವಿಗೆ ಕೊಟ್ಟು ಹೊರಗೆ ನಿಂತೆ. ಆಮೇಲೆ ಜಿಲ್ಲಾ ಆಸ್ಪತ್ರೆಗೂ ಜತೆಯಲ್ಲಿ ಹೋದೆ.

ಗುಟ್ಟಿನ ಬಗ್ಗೆ ಮೆತ್ತಗಾಗಬೇಡಿ. ನಮ್ಮ ಊರಲ್ಲಿ ಮನೆಯ ಹೆಸರು ಹೇಳಿದರೆ ಮೂರು ತಲೆಮಾರು ಗೊತ್ತಾಗುತ್ತದೆ. ಕೋರ್ಟಿನ ವಿಷಯ ಒಂದು ಮದುವೆಯ ಪಂಕ್ತಿಯಲ್ಲಿ ಬಾಯಿಂದ ಬಾಯಿಗೆ ಹೋದದ್ದು ನಮಗೆ ಎಂಟೇ ದಿನದಲ್ಲಿ ತಿಳಿಯಿತು. ಹೇಳಿದವರು ಕ್ಷಮೆ ಕೇಳಿದರು, ಮನಃಪೂರ್ವಕವಾಗಿಯೇ ಕೇಳಿದರು. ಆದರೂ ಅವರನ್ನು ಕೂಟದಿಂದ ಬಿಟ್ಟೆವು. ಬೇರೆ ತಪ್ಪಿಗೆ ಹತ್ತು ಸಲ ಅವಕಾಶ ಕೊಡುತ್ತೇನೆ, ಇದಕ್ಕೆ ಒಂದೂ ಇಲ್ಲ.

ತಮ್ಮನನ್ನು ನಾನು ಕೂಟಕ್ಕೆ ಕರೆಯಲಿಲ್ಲ. ಕೂಟದ ನೋಟ್‌ಬುಕ್ಕಿನ ಎಡಗಡೆ ಬರೆದು, ಅವನ ಸೊಸೆಗೂ ಕೇಳುವ ಹಾಗೆ ಫೋನ್ ಸ್ಪೀಕರಿನಲ್ಲಿ ಹಾಕಿಸಿ ತಪ್ಪಾಯಿತು ಎಂದೆ. ‘ಆಯ್ತು ಬಿಡಕ್ಕ’ ಎಂದ. ವಿಡಿಯೋ ಈಗಲೂ ಹಾಕುತ್ತಾನೆ.

ಹಣದ ವಿಷಯ ಒಂದು ಉಳಿಯಿತು. ತಲೆಗೆ ಇಪ್ಪತ್ತು ರೂಪಾಯಿ, ಚಾ ಮತ್ತು ಬನ್ಸ್‌ಗೆ. ಹೊರಗಿನವರ ದುಡ್ಡು ತೆಗೆದುಕೊಳ್ಳಬೇಡಿ. ಕೂಟದ ಸುದ್ದಿ ಕೇಳಿದ ಒಬ್ಬರು ‘ಒಳ್ಳೆ ಕೆಲಸ ಅಕ್ಕ, ಎರಡು ಫ್ಯಾನ್ ನಾನು ಕೊಡ್ತೇನೆ, ಕೋಣೆಯ ಹೊರಗೆ ಸಣ್ಣ ಒಂದು ಫ್ಲೆಕ್ಸ್ ಹಾಕಿದರೆ ಸಾಕು’ ಎಂದರು. ಫ್ಲೆಕ್ಸಿನಲ್ಲಿ ಯಾರ ಯಾರ ಮುಖ ಇರುತ್ತದೆ ಎಂದು ಕೇಳಿದೆ. ಸೆಕೆಯಲ್ಲೇ ಕೂರುತ್ತಿದ್ದೇವೆ. ಲೆಕ್ಕ ಈ ಶನಿವಾರಕ್ಕೆ ಟ್ಯಾಲಿ ಆಗಿದೆ: ಕೈಯಲ್ಲಿ 340 ರೂಪಾಯಿ, ಒಂದು ಚಮಚ ಕಾಣೆ, ಒಂದು ಕೊಡೆ ಹೆಚ್ಚು.